ನೆರಳಿಲ್ಲದ ರೆಕ್ಕೆಹಲ್ಲಿ

ಬಹಳ ಹಿಂದೆ ಪದರಗಲ್ಲಿನ ಒಂದು ರಾಜ್ಯವಿತ್ತು. ಅಲ್ಲಿ ನೆಲ ಅಗೆದರೆ ಹಾಳೆಯ ಮೇಲೆ ಹಾಳೆ ಇಟ್ಟಂತೆ ಕಲ್ಲು ಸಿಗುತ್ತಿತ್ತು. ಜನ ಆ ಕಲ್ಲನ್ನು ಸೀಳಿ, ಚಪ್ಪಡಿ ಮಾಡಿ ಬದುಕುತ್ತಿದ್ದರು.

ಗುಡ್ಡದ ಕೋಟೆಯಲ್ಲಿ ಮಂಕಾಳನೆಂಬ ಮಾಂತ್ರಿಕನಿದ್ದ. ಅವನು ಯಾರ ನೆರಳನ್ನು ತುಳಿದರೂ ಅವರು ಕಲ್ಲೊಳಗೆ ಅಚ್ಚಾಗಿಬಿಡುತ್ತಿದ್ದರು. ಆ ಕಲ್ಲನ್ನು ಎರಡು ಹೋಳಾಗಿ ಸೀಳಿ, ಒಂದನ್ನು ತಾನಿಟ್ಟುಕೊಂಡು ಇನ್ನೊಂದನ್ನು ಕಣಿವೆಗೆ ಎಸೆಯುತ್ತಿದ್ದ. ರಾಣಿಯೂ ಹಾಗೆಯೇ ಹೋಗಿದ್ದಳು. ರಾಜ ಮೋಡ ಕವಿದ ದಿನ ಮಾತ್ರ ಅರಮನೆಯಿಂದ ಹೊರಗೆ ಬರುತ್ತಿದ್ದ.

ಕಲ್ಲು ಸೀಳುವ ಭರಮವ್ವನ ತಮ್ಮ ಸಿದ್ಲಿಂಗ ಅಚ್ಚಾಗಿ ಮೂರು ವರ್ಷವಾಗಿತ್ತು. ಕಣಿವೆಯಲ್ಲಿ ಸಿಕ್ಕ ಅವನ ಹೋಳನ್ನು ಅವಳು ಮನೆಯ ಗೋಡೆಗೆ ಆನಿಸಿ ಇಟ್ಟಿದ್ದಳು. ದಿನಾ ಸಂಜೆ ಸುತ್ತಿಗೆಯಿಂದ ಮೆಲ್ಲಗೆ ಮೂರು ಸಲ ಕುಟ್ಟಿ ಕಿವಿಗೊಡುತ್ತಿದ್ದಳು. ಕಲ್ಲು ಸೀಳುವವರು ಕಣ್ಣಿಗಿಂತ ಸದ್ದನ್ನು ನಂಬುವವರು. ಒಂದೇ ಕಲ್ಲಿನ ಎರಡು ಹೋಳುಗಳ ಸದ್ದು ಒಂದೇ ಎಂದು ಅವರಿಗೆ ಗೊತ್ತು.

ಒಂದು ದಿನ ಕಣಿವೆಯಲ್ಲಿ ಅವಳಿಗೆ ಬಹಳ ಹಳೆಯ ಹೋಳೊಂದು ಸಿಕ್ಕಿತು. ಅದರಲ್ಲಿ ಗುಬ್ಬಿಯಷ್ಟು ದೊಡ್ಡ ಪ್ರಾಣಿಯ ಅಚ್ಚು. ಸೂಜಿಯಂಥ ಹಲ್ಲು, ಉದ್ದ ಬಾಲ, ಒಂದೇ ಬೆರಳಿಗೆ ಕಟ್ಟಿದಂಥ ತೊಗಲಿನ ರೆಕ್ಕೆ. ಗರಿಯಿಲ್ಲ. ಅವಳು ಕುಟ್ಟಿದಳು. ಅಚ್ಚು ಕಣ್ಣು ತೆರೆದು ಕಲ್ಲಿನಿಂದ ಎದ್ದು ಬಂತು. ಅದಕ್ಕೆ ನೆರಳಿರಲಿಲ್ಲ.

“ಹಕ್ಕಿಗಳಿಗಿಂತ ಮೊದಲು ಹಾರಿದವಳು ನಾನು,” ಎಂದಿತು ಆ ರೆಕ್ಕೆಹಲ್ಲಿ. “ಮಂಕಾಳ ಮೊದಲು ಸೀಳಿದ ಕಲ್ಲು ನನ್ನದು. ಅವನು ಮಾಟ ಕಲಿತದ್ದೂ ಅದರಿಂದಲೇ. ನನ್ನ ಹೋಳೆರಡೂ ಕೂಡಿ ಬಿಚ್ಚಿಕೊಂಡರೆ ಅವನು ಅಚ್ಚಾಗಿಸಿದವರೆಲ್ಲ ಬಿಡುಗಡೆಯಾಗುತ್ತಾರೆ. ಕರೆದುಕೊಂಡು ಹೋಗ್ತೀಯಾ, ಅಕ್ಕಾ?”

“ನನಗಿಂತ ಎಷ್ಟೋ ಯುಗ ದೊಡ್ಡವಳು ನೀನು. ನನ್ನನ್ನು ಅಕ್ಕ ಅಂತೀಯಲ್ಲ!” ಎಂದಳು ಭರಮವ್ವ.

ಮೋಡ ಕವಿದ ಒಂದು ಬೆಳಿಗ್ಗೆ ರೆಕ್ಕೆಹಲ್ಲಿಯನ್ನು ಹೆಗಲ ಮೇಲೆ ಕೂರಿಸಿಕೊಂಡು, ಅದರ ಹೋಳನ್ನು ಮಡಿಲಲ್ಲಿ ಕಟ್ಟಿಕೊಂಡು ಅವಳು ಗುಡ್ಡ ಹತ್ತಿದಳು.

ಮೊದಲ ಬಾಗಿಲ ಬಳಿ ಗೋಡೆಯೊಳಗಿಂದ ಸತ್ತ ತಾಯಿಯ ದನಿ ಬಂತು. “ರೊಟ್ಟಿ ಆರ್ತದೆ, ಬಾ ಮಗಳೇ.” ಭರಮವ್ವನ ಕಾಲು ನಿಂತಿತು. ಗೋಡೆಯನ್ನು ಕುಟ್ಟಿದಳು. ಪೊಳ್ಳು. ಮುಂದೆ ನಡೆದಳು.

ಎರಡನೆಯ ಬಾಗಿಲಲ್ಲಿ ಆನೆಗಾತ್ರದ ಕಲ್ಲುಹಲ್ಲಿ ಬಾಯಿ ತೆರೆದು ಬಿಸಿ ಉಸಿರು ಬಿಡುತ್ತಿತ್ತು. ಅದರ ಹಲ್ಲನ್ನು ಕುಟ್ಟಿದಳು. ಪೊಳ್ಳು. ಆ ಬಾಯಿಯೊಳಗಿಂದಲೇ ದಾಟಿದಳು.

ಮೂರನೆಯ ಬಾಗಿಲಾಚೆ, ಸಾವಿರ ಹೋಳುಗಳ ನಡುವೆ ಮಂಕಾಳ ಕೂತಿದ್ದ.

“ಬಾ ತಂಗಿ. ಇಕೋ, ನಿನ್ನ ತಮ್ಮ,” ಎಂದು ಒಂದು ಹೋಳನ್ನು ಮುಂದಿಟ್ಟ. “ಆ ಹಲ್ಲಿಯನ್ನು ಕೊಡು, ಇವನನ್ನು ಒಯ್ಯಿ. ಅವಸರವಿಲ್ಲ, ಯೋಚಿಸು.” ಅವನ ಕಣ್ಣು ಮಾತ್ರ ಕಿಟಕಿಯಾಚೆ ತೆಳುವಾಗುತ್ತಿದ್ದ ಮೋಡದ ಮೇಲಿತ್ತು.

ಅದೇ ಹುಬ್ಬು, ಅದೇ ಒಡೆದ ಮುಂಬಲ್ಲು. ಅವಳ ಕೈ ತಾನಾಗಿ ಚಾಚಿತು. ಆದರೂ ಕುಟ್ಟಿದಳು. ಪೊಳ್ಳಲ್ಲ, ಗಟ್ಟಿ ಕಲ್ಲೇ. ಆದರೆ ಸಾವಿರ ಸಂಜೆ ಅವಳು ಕೇಳಿದ ಸದ್ದು ಅದಲ್ಲ.

“ಇವನು ನನ್ನ ತಮ್ಮನಲ್ಲ,” ಎಂದಳು.

ಗೋಡೆಯುದ್ದಕ್ಕೂ ಒಂದೊಂದೇ ಹೋಳನ್ನು ಕುಟ್ಟುತ್ತ ಓಡಿದಳು. ಒಂದನ್ನು ಕುಟ್ಟಿದಾಗ ಮಡಿಲಿನ ಹೋಳೂ ಮಿಡಿಯಿತು. ಎರಡನ್ನೂ ನೆಲಕ್ಕಿಟ್ಟಳು. ರೆಕ್ಕೆಹಲ್ಲಿ ತನ್ನ ಅಚ್ಚಿನಲ್ಲಿ ಮಲಗಿತು.

“ಮುಚ್ಚು, ಅಕ್ಕಾ.”

“ಮತ್ತೆ ತೆರೆಯದೆ ಹೋದರೆ?”

“ಮುಚ್ಚು.”

ಜೀವವಿದ್ದದ್ದನ್ನು ಅವಳು ತನ್ನ ಕೈಯಾರೆ ಮುಚ್ಚಿದಳು. ಆಗಲೇ ಬಿಸಿಲು ಬಿತ್ತು. ಅವಳ ನೆರಳಿನ ಮೇಲೆ ಮಂಕಾಳನ ಕಾಲು ಎದ್ದಿತು. ಅವಳು ಮೂರು ಸಲ ಕುಟ್ಟಿದಳು.

ಕಲ್ಲು ಬಿಚ್ಚಿಕೊಂಡಿತು. ರೆಕ್ಕೆಹಲ್ಲಿ ಚಿಮ್ಮಿ ಹಾರಿತು. ನೆಲದ ಮೇಲೆ ಅದರ ಪುಟ್ಟ ನೆರಳು ಓಡಿತು. ಮಂಕಾಳ ಭರಮವ್ವನನ್ನು ಮರೆತು ಆ ನೆರಳನ್ನು ತುಳಿಯಲು ಅಟ್ಟಿದ. ಅದು ಅವನ ನೆರಳೊಳಗೇ ನುಸುಳಿತು. ಅವನು ಶಕ್ತಿಯೆಲ್ಲ ಸೇರಿಸಿ ತುಳಿದ. ಅವನು ನಿಂತಲ್ಲಿ ಒಂದು ಚಪ್ಪಡಿ ಬಿದ್ದಿತ್ತು.

ಭರಮವ್ವ ಒಂದೇ ಉಸಿರಿಗೆ ಮನೆಗೆ ಓಡಿ ಬಂದಳು. ಗೋಡೆಗೆ ಒರಗಿ ಕೂತ ಸಿದ್ಲಿಂಗ ನೆತ್ತಿ ತಿಕ್ಕಿಕೊಳ್ಳುತ್ತಿದ್ದ.

“ಅಕ್ಕಾ, ದಿನಾ ಸಂಜೆ ತಲೆ ಮೇಲೇ ಕುಟ್ಟಬೇಕಿತ್ತಾ?”

ರಾಣಿ ಅರಮನೆಗೆ ಬಂದಳು. ರಾಜ ಬಿಸಿಲಿಗೆ ಬಂದ. ರೆಕ್ಕೆಹಲ್ಲಿಯ ನೆರಳು ಆ ಊರಿನ ಮೇಲೆ ಬಹುಕಾಲ ಹಾರಾಡಿತು, ಎಲ್ಲರೂ ಸುಖವಾಗಿ ಬಾಳಿದರು. ಮಂಕಾಳನ ಚಪ್ಪಡಿಯನ್ನು ಮಾತ್ರ ಇಂದಿನವರೆಗೂ ಯಾರೂ ಕುಟ್ಟಿ ನೋಡಿಲ್ಲ.