ಎಂಟನೆಯ ಹಳದಿ ಗೆರೆ

ಆ ಮಂಗಳವಾರ ಬೆಳಿಗ್ಗೆ ಗಾಳಿ ಸತ್ತಂತೆ ನಿಂತಿತ್ತು. ಮೋಡ ಕೆಳಗಿಳಿದು, ಸುರಿಯಲೂ ಒಲ್ಲದೆ ಚದುರಲೂ ಒಲ್ಲದೆ ಕೂತಿತ್ತು. ಗಡಿಯಾರದಮ್ಮನ ರಿಪೇರಿ ಅಂಗಡಿಯಲ್ಲಿ ಹಗಲಲ್ಲೇ ದೀಪ ಉರಿಯುತ್ತಿತ್ತು. ಮೂವತ್ತೆರಡು ವರ್ಷ ಬಸ್ಸು ಓಡಿಸಿ ನಿವೃತ್ತನಾದ ನಾನು ಅವರ ಮಹಡಿಯ ಬಾಡಿಗೆದಾರ. ಬೆಳಗಿನ ಪ್ರಾರ್ಥನೆ ಮುಗಿಸಿ ಅವರ ಮೇಜಿನೆದುರು ಕೂರುವುದು ನನ್ನ ರೂಢಿ. ಜನರ ಎಷ್ಟೋ ಗಂಟುಗಳನ್ನು ಅವರು ಆ ಮೇಜಿನ ಮೇಲೆಯೇ ಬಿಡಿಸಿದ್ದನ್ನು ಕಂಡವನು ನಾನು.

ಅವರ ಕೈಯಲ್ಲಿ ಒಂದು ಕೈಗಡಿಯಾರವಿತ್ತು. ಗಾಜಿನ ಸುತ್ತಲಿನ ಕೆಂಪು ಬಳೆಯ ಬಣ್ಣ ಒಂದು ಪಕ್ಕ ಸುಕ್ಕುಗಟ್ಟಿ ಎದ್ದಿತ್ತು.

“ಭಾನುವಾರ ಬೆಳಿಗ್ಗೆ ಇಳಿಜಾರಲ್ಲಿ ಕಾರು ಉರುಳಿ ತೀರಿಕೊಂಡ್ರಲ್ಲ, ಅವರ ತಮ್ಮ ನಿನ್ನೆ ಕೊಟ್ಟುಹೋದ,” ಎಂದರು. “ಅಣ್ಣ ಕೊಟ್ಟ ವಾಚು, ಹೋದ ತಿಂಗಳ ಮಳೆಗೆ ಬಣ್ಣ ಎದ್ದಿದೆ, ಬೇಗ ಬಳಿದುಕೊಡಿ ಅಂದ.”

ಅಷ್ಟರಲ್ಲಿ ಬಾಗಿಲಲ್ಲಿ ಒಬ್ಬ ಹೆಣ್ಣುಮಗಳು ಬಂದು ನಿಂತಳು. ಬಿಗಿ ಮೇಸ್ತ್ರಿಯ ಮಗಳು. ಯಾವ ಬೋಲ್ಟನ್ನೂ ಎರಡು ಸಲ ಬಿಗಿ ಮಾಡದೆ ಬಿಡದ ಮೆಕ್ಯಾನಿಕ್ಕಿಗೆ ಜನ ಇಟ್ಟ ಹೆಸರು ಅದು.

“ಅಪ್ಪನ್ನ ಕೊಲೆಗಾರ ಅಂತ ಹಿಡ್ಕೊಂಡು ಹೋಗಿದ್ದಾರೆ,” ಎಂದಳು. ಅಳಲಿಲ್ಲ, ಅಳು ಮುಗಿದಿತ್ತು.

ಗಡಿಯಾರದಮ್ಮ ಸ್ಟೂಲು ಸರಿಸಿದರು. “ಕೂತ್ಕೊಂಡು ಮೊದಲಿಂದ ಹೇಳಮ್ಮ.”

“ಆ ತೀರಿಕೊಂಡ ಯಜಮಾನರು ತಮ್ಮ ರೇಸ್ ಕಾರಿಗೆ ದೊಡ್ಡ ಬ್ರೇಕು ಹಾಕಿಸಿದ್ರು. ‘ಇದು ಓಡೋದು ಸಾಕಷ್ಟು ಕಲ್ತಿದೆ ಮೇಸ್ತ್ರಿ, ಇನ್ನು ನಿಲ್ಲೋದು ಕಲೀಲಿ’ ಅಂತಿದ್ರಂತೆ. ಅವರ ಶೆಡ್ಡಲ್ಲೇ ಶನಿವಾರ ಸಂಜೆ ಕೆಲಸ ಮುಗೀತು. ಆಮೇಲೆ ಅಪ್ಪನ್ನ ಕೂರಿಸಿ ಹೇಳಿದ್ರಂತೆ, ‘ಹೋದ ವರ್ಷ ನಿಮ್ಮ ಹೆಂಡತಿಗೆ ಗುದ್ದಿ ಹೋಗಿದ್ದು ಇದೇ ಕಾರು. ಯಾರು ಓಡಿಸ್ತಿದ್ರು ಅಂತ ಸೋಮವಾರ ಪೊಲೀಸರ ಮುಂದೆ ಹೇಳ್ತೀನಿ’ ಅಂತ.”

ಗಡಿಯಾರದಮ್ಮ ಮೆಲ್ಲಗೆ ಕೇಳಿದರು: “ನಿಮ್ಮಪ್ಪ ಏನು ಮಾಡಿದ್ರು?”

“ಮೊದಲು ಬಿಗಿ ಮಾಡಿದ್ದು ನೆಟ್ಟಗಿದೆಯೋ ಇಲ್ವೋ ಅನ್ನಿಸಿ, ಇನ್ನೊಂದು ಸಲ ಎಲ್ಲಾ ನೋಡಿ ಮನೆಗೆ ಬಂದ್ರು. ಇದನ್ನೆಲ್ಲ ಪೊಲೀಸರಿಗೆ ತಾವೇ ಹೇಳಿಬಿಟ್ಟಿದ್ದಾರೆ, ಪೆದ್ದು ಮನುಷ್ಯ. ಅದೇ ಕುತ್ತಿಗೆಗೆ ಬಂತು. ನನಗೆ ಉಳಿದಿರೋದು ಅವರೊಬ್ಬರೇ.”

ಠಾಣೆಯ ಹಿಂದಿನ ಅಂಗಳದಲ್ಲಿ ಕಾರು ಮುದ್ದೆಯಾಗಿ ಬಿದ್ದಿತ್ತು. ಇನ್ಸ್‌ಪೆಕ್ಟರು ನಮ್ಮನ್ನು ಕಂಡು, “ಅಮ್ಮ, ಇದು ಗಡಿಯಾರ ಅಲ್ಲ, ಕೀ ಕೊಟ್ರೆ ಓಡಲ್ಲ,” ಎಂದ.

“ಗೊತ್ತಪ್ಪ. ನಿನ್ನ ತನಿಖೆಗೆ ಕೀ ಕೊಡೋಕೆ ಬಂದೆ.”

ನಾನು ಚಕ್ರಗಳ ಒಳಗೆ ಬಗ್ಗಿ ನೋಡಿದೆ. ಪ್ರತಿ ಚಕ್ರದಲ್ಲಿ ಎರಡು ಜೋಡಣೆ, ಒಟ್ಟು ಎಂಟು. ಒಂದೊಂದನ್ನೂ ಬಿಗಿ ಮಾಡಿ, ತೊಳೆದು ಒರಸಿ, ಬೋಲ್ಟಿನಿಂದ ಪಕ್ಕದ ಲೋಹದವರೆಗೆ ಒಂದು ಹಳದಿ ಗೆರೆ ಎಳೆಯುವುದು ಮೇಸ್ತ್ರಿಯ ಪದ್ಧತಿ. ಬೋಲ್ಟು ತಿರುಗಿದರೆ ಗೆರೆ ಮುರಿಯುತ್ತದೆ. ಗೆರೆ ಕೂಡಿದ್ದರೆ ಮಾತ್ರ ಕಾರು ತೆಗೆಯಬೇಕೆಂದು ಯಜಮಾನರಿಗೂ ಕಲಿಸಿದ್ದ. ಎಂಟೂ ಗೆರೆ ಕೂಡಿದ್ದವು. ಆದರೂ ಮುಂದಿನ ಎಡಚಕ್ರದ ಕೊಳವೆಯ ಬೋಲ್ಟು ಅರ್ಧ ಸುತ್ತು ಸಡಿಲವಾಗಿತ್ತು. ಪೆಡಲ್ ಒತ್ತಿದಾಗಲೆಲ್ಲ ಬ್ರೇಕ್ ಆಯಿಲ್ ಸೋರಿ, ಮುಂದಿನ ಚಕ್ರಗಳ ಬ್ರೇಕು ಸತ್ತಿತ್ತು. ಅಂಥ ವೇಗಕ್ಕೆ ಹಿಂದಿನ ಬ್ರೇಕು ಯಾತಕ್ಕೂ ಸಾಲದು.

“ಸಡಿಲ ಬಿಟ್ಟೇ ಗೆರೆ ಎಳೆದಿದ್ದಾನೆ,” ಎಂದ ಇನ್ಸ್‌ಪೆಕ್ಟರು.

ಗಡಿಯಾರದಮ್ಮ ಭೂತಗನ್ನಡಿ ಹಿಡಿದು ಒಂದೊಂದೇ ಗೆರೆಯನ್ನು ಉಗುರಿನಿಂದ ಕೆರೆದರು. ಏಳು ಗೆರೆ ಕಲ್ಲಿನಂತಿದ್ದವು. ಎಂಟನೆಯದು ಸುಕ್ಕುಗಟ್ಟಿ, ಸಿಪ್ಪೆಯಂತೆ ಉಗುರಿಗೆ ಎದ್ದು ಬಂತು.

ಅಲ್ಲಿಂದ ತೀರಿಕೊಂಡವರ ಮನೆಗೆ ಹೋದೆವು. ಅವರ ಹೆಂಡತಿ ಶನಿವಾರ ಸಂಜೆ, ಕೆಲಸ ಮುಗಿದೊಡನೆ ಶೆಡ್ಡಿನಲ್ಲಿ ತೆಗೆದ ಫೋಟೋವನ್ನು ಫೋನಿನಲ್ಲಿ ತೋರಿಸಿದರು. ಯಜಮಾನರು ನಗುತ್ತಿದ್ದರು, ಪಕ್ಕದಲ್ಲಿ ಅವರ ತಮ್ಮ ಗಡಿಯಾರ ಕಟ್ಟಿದ ಕೈಯನ್ನು ಕಾರಿನ ಚಾವಣಿಯ ಮೇಲಿಟ್ಟು ನಿಂತಿದ್ದ.

“ಆಮೇಲೆ ನಾನು ಶೆಡ್ಡಿಗೆ ಕಾಲೇ ಇಟ್ಟಿಲ್ಲ,” ಎಂದ ತಮ್ಮ. “ಬ್ರೇಕು ಗೀಕು ಮುಟ್ಟಿದವನೂ ಅಲ್ಲ. ನನಗೆ ಗೊತ್ತಿರೋದು ಓಡಿಸೋದಷ್ಟೇ.”

ಮಧ್ಯಾಹ್ನ ಎಲ್ಲರೂ ಆ ಶೆಡ್ಡಿನಲ್ಲಿ ಸೇರಿದೆವು. ಮೇಸ್ತ್ರಿಯನ್ನು ಇನ್ಸ್‌ಪೆಕ್ಟರು ಕರೆತಂದಿದ್ದ. ಮಗಳು ತಂದೆಯ ತೋಳು ಹಿಡಿದು ನಿಂತಳು. ಗಡಿಯಾರದಮ್ಮ ಕೈಗಡಿಯಾರವನ್ನು ಬೆಂಚಿನ ಮೇಲಿಟ್ಟು, ಬಳೆಯ ಚೆನ್ನಾಗಿದ್ದ ಪಕ್ಕಕ್ಕೆ ಮೇಸ್ತ್ರಿಯ ಡಬ್ಬಿಯಿಂದ ಒಂದು ಹನಿ ಬ್ರೇಕ್ ಆಯಿಲ್ ಬಿಟ್ಟರು.

“ಅದು ಅದರ ಕೆಲಸ ಮಾಡ್ಲಿ. ನಾವು ಮಾತಾಡೋಣ. ಸಡಿಲ ಬಿಡಬೇಕು ಅಂತಿದ್ರೆ ಮೇಸ್ತ್ರಿ ಸಡಿಲ ಬಿಟ್ಟು, ತೊಳೆದು, ಗಟ್ಟಿ ಗೆರೆ ಎಳೀತಿದ್ರು. ಮೂವತ್ತು ವರ್ಷದ ಕೈ ಅದು. ಎಂಟನೇ ಗೆರೆ ಎಳೆದವನಿಗೆ ಒಂದು ವಿಷಯ ಗೊತ್ತಿರ್ಲಿಲ್ಲ. ಬ್ರೇಕ್ ಆಯಿಲ್ ಬಣ್ಣವನ್ನ ತಿನ್ನುತ್ತೆ. ಬೋಲ್ಟು ಸಡಿಲ ಮಾಡಿದ, ಮುರಿದ ಹಳೇ ಗೆರೆ ಕೆರೆದು ಬಟ್ಟೇಲಿ ಒರೆಸಿದ, ಮೇಸ್ತ್ರಿ ಬಿಟ್ಟುಹೋದ ಪೆನ್ನಲ್ಲೇ ಗೆರೆ ಎಳೆದ. ಅಡಿಯಲ್ಲಿ ಉಳಿದ ಪಸೆಗೆ ಗೆರೆ ಸುಕ್ಕಾಯ್ತು. ಯಜಮಾನರು ಬೆಳಿಗ್ಗೆ ಗೆರೆ ನೋಡಿಯೇ ಹೊರಡ್ತಾರೆ ಅಂತ ಅವನಿಗೆ ಗೊತ್ತಿತ್ತು. ಅಂದ್ರೆ ಮನೆಯವನು.”

ಅವರು ಬಳೆಯತ್ತ ಬೆರಳು ತೋರಿಸಿದರು. ಹನಿಯ ಕೆಳಗೆ ಕೆಂಪು ಬಣ್ಣ ನಿಧಾನವಾಗಿ ಸುಕ್ಕುಗಟ್ಟಿ ಏಳುತ್ತಿತ್ತು, ಇನ್ನೊಂದು ಪಕ್ಕದ ಹಾಗೆಯೇ.

“ಹೋದ ತಿಂಗಳ ಮಳೆ ಅಂದೆಯಲ್ಲಪ್ಪ. ಶನಿವಾರದ ಫೋಟೋದಲ್ಲಿ ಈ ಬಳೆ ಸುತ್ತಲೂ ನುಣ್ಣಗಿದೆ. ಸೋಮವಾರ ನನ್ನ ಮೇಜಿಗೆ ಬರೋ ಹೊತ್ತಿಗೆ ಹೀಗಾಗಿತ್ತು. ಇದು ಮಳೆ ಅಲ್ಲ, ನೀನು ಬೋಲ್ಟು ಸಡಿಲ ಮಾಡುವಾಗ ಕೈಮೇಲೆ ಸೋರಿದ ಆಯಿಲ್. ಅಣ್ಣ ಮೇಸ್ತ್ರಿಗೆ ಹೇಳಿದ್ದನ್ನ ನೀನು ಈ ಗೋಡೆ ಆಚೆ ನಿಂತು ಕೇಳಿಸ್ಕೊಂಡೆ. ಆ ದಿನ ಓಡಿಸ್ತಿದ್ದವನು ನೀನು.”

ತಮ್ಮ ಗಡಿಯಾರವನ್ನೇ ನೋಡುತ್ತಿದ್ದ. “ಅವನು ಮನಸ್ಸು ಮಾಡಿದ್ರೆ ನನ್ನನ್ನ ಉಳಿಸಬಹುದಿತ್ತು,” ಎಂದ.

“ಒಂದು ವರ್ಷ ಉಳಿಸಿದ್ರಲ್ಲ,” ಎಂದರು ಅತ್ತಿಗೆ.

ಇನ್ಸ್‌ಪೆಕ್ಟರು ಅವನ ತೋಳು ಹಿಡಿದು ಹೊರಗೆ ಕರೆದೊಯ್ದ. ನಾನು ಮನಸ್ಸಿನಲ್ಲೇ ದೇವರನ್ನು ನೆನೆದೆ. ಏನು ಬೇಡಬೇಕೆಂದು ತಿಳಿಯಲಿಲ್ಲ.

ಆಗ ಯಜಮಾನರ ಹೆಂಡತಿ ಮನೆಯೊಳಗೆ ಹೋಗಿ, ಬಿಳಿ ಬಟ್ಟೆಯಲ್ಲಿ ಸುತ್ತಿದ್ದನ್ನು ತಂದರು. “ಹೋದ ವರ್ಷ ಆ ಕಾರಿನ ಮುಂದಿನ ಜಾಲರಿಗೆ ಸಿಕ್ಕಿಕೊಂಡಿತ್ತಂತೆ. ಸೋಮವಾರ ಕೊಡಬೇಕು ಅಂತ ಮೇಜಿನ ಮೇಲಿಟ್ಟಿದ್ರು. ಯಾರಿಗೆ ಅಂತ ಹೇಳಿರ್ಲಿಲ್ಲ.”

ಒಳಗೆ ಒಂದು ಹೆಂಗಸರ ಕನ್ನಡಕವಿತ್ತು. ಒಂದು ಗಾಜು ಸೀಳಿತ್ತು, ಒಂದು ಕಡ್ಡಿ ಸಡಿಲವಾಗಿ ಜೋತಾಡುತ್ತಿತ್ತು. ಮೇಸ್ತ್ರಿ ಗಡಿಯಾರದಮ್ಮನತ್ತ ಕೈ ಚಾಚಿದ. ಅವರು ಚೀಲದಿಂದ ತಮ್ಮ ಪುಟ್ಟ ಸ್ಕ್ರೂಡ್ರೈವರ್ ತೆಗೆದುಕೊಟ್ಟರು. ಅವನು ಆ ಸಣ್ಣ ಸ್ಕ್ರೂವನ್ನು ಬಿಗಿ ಮಾಡಿದ. ತಡೆದು, ಇನ್ನೊಂದು ಸಲ ಬಿಗಿ ಮಾಡಿದ. ಕನ್ನಡಕವನ್ನು ಮಗಳ ಅಂಗೈಯಲ್ಲಿಟ್ಟು, ಸ್ಕ್ರೂಡ್ರೈವರನ್ನು ಅಂಗಿಯ ತುದಿಯಲ್ಲಿ ಒರೆಸಿ ಹಿಂದಿರುಗಿಸಿದ.