ಸದ್ದಿಲ್ಲದೆ ಸಾಯಬೇಕಿದ್ದ ಮರಿ

ಮುಖ್ಯಸ್ಥನ ಕುರ್ಚಿ ಮಾಲೀಕರ ಭಾಮೈದನ ಪಾಲಾಯಿತು. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಒಡೆಯ! ಕಚೇರಿಯವರೆಲ್ಲ 'ಗುರುಗಳು' ಎಂದು ಕರೆಯುತ್ತಿದ್ದ ಹಿರಿಯ ಪ್ರೋಗ್ರಾಮರನ ಹೊಟ್ಟೆಗೆ ಬೆಂಕಿ ಬಿತ್ತು. ಅಲ್ಲಿನ ಪ್ರತಿ ಕೆಲಸವನ್ನೂ ಚಾಲೂ ಮಾಡುವ ತಾಯಿ ಪ್ರೋಗ್ರಾಂ ಅವನದೇ ಸೃಷ್ಟಿ. ಮೊದಲೆಲ್ಲ ಯಾರಾದರೂ ಮೈಮರೆತು ಅದನ್ನು ಚಾಲೂ ಮಾಡಿದ್ದ ವಿಂಡೋ ಮುಚ್ಚಿದರೆ 'ನಿಲ್ಲು' ಎಂಬ ಸಿಗ್ನಲ್ ಹೋಗಿ ಅದು ಸಾಯುತ್ತಿತ್ತು. ಒಂದೇ ಸಾಲು ಬರೆದು ಅವನು ತಾಯಿಯನ್ನು ಆ ಸಿಗ್ನಲ್ಲಿಗೆ ಕಿವುಡಾಗಿಸಿದ್ದ. ಮಾಲೀಕರು ಬೆನ್ನು ತಟ್ಟಿದ್ದರು. ತಟ್ಟಿದ್ದಷ್ಟೇ, ಕುರ್ಚಿ ಕೊಡಲಿಲ್ಲ.

ಆ ಭಾಮೈದನೋ, ಮೊದಲ ಸಭೆಯಲ್ಲೇ ಕೈ ಎತ್ತಿದ್ದ. "ಗುರುಗಳೇ, ತಾಯಿ ಇನ್ನೊಂದು ಮರಿ ಪ್ರೋಗ್ರಾಂ ಹುಟ್ಟಿಸೋವಾಗ ತನ್ನ ಗುಣ ಅದಕ್ಕೆ ಅಂಟದ ಹಾಗೆ ತೊಳೆದು ಬಿಡಬೇಕಲ್ವಾ?"

"ಮಗು ತೊಳೆಯೋ ಕೆಲಸ ಮನೇಲಿ ಇಟ್ಕೊಳ್ಳಪ್ಪ!"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಭಾಮೈದನೂ ನಕ್ಕ, ಪಾಪ.

ಗುರುಗಳ ಹೂಟ ಅಚ್ಚುಕಟ್ಟಾಗಿತ್ತು. ಭಾಮೈದ ಗ್ರಾಹಕರಿಗೆ ಕೆಲಸ ತೋರಿಸುವ ದಿನ, ಅವನು ಬಳಸುವ ಯಂತ್ರಕ್ಕೆ ತಾಯಿಯ ಮೂಲಕ ಒಂದು ಮರಿ ಬಿಡುವುದು. ಅದು ಯಂತ್ರದ ಶಕ್ತಿಯನ್ನೆಲ್ಲ ನುಂಗುತ್ತದೆ, ಭಾಮೈದನ ಪರದೆ ಆಮೆಯಾಗುತ್ತದೆ. ಮಾಲೀಕರು ಗುರುಗಳನ್ನು ಕರೆಯುತ್ತಾರೆ; ಕರೆಯದೆ ಇನ್ನೆಲ್ಲಿಗೆ ಹೋಗುತ್ತಾರೆ? ಎದ್ದು ಹೊರಡುವಾಗ ತನ್ನ ವಿಂಡೋ ಮುಚ್ಚಿದರಾಯಿತು, ಮರಿ ಸಾಯುತ್ತದೆ, ಸುಳಿವೇ ಉಳಿಯುವುದಿಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಮನೆಯ ಕಂಪ್ಯೂಟರಿನಲ್ಲಿ ಮತ್ತೆ ಮತ್ತೆ ಪರೀಕ್ಷಿಸಿದ. ವಿಂಡೋ ಮುಚ್ಚಿದಾಗಲೆಲ್ಲ ಮರಿ ತೆಪ್ಪಗೆ ಸತ್ತಿತು. ಖುಷಿಗೆ ಅಂಗಿಗೂ ಇಸ್ತ್ರಿ ಹಾಕಿಸಿದ.

ಎಲ್ಲವೂ ಅಂದುಕೊಂಡಂತೆಯೇ ಆಯಿತು. ಗ್ರಾಹಕರು ಆಕಳಿಸಿದರು, ಭಾಮೈದ ಬೆವರಿದ, ಮಾಲೀಕರು ಗುರುಗಳ ಕೋಣೆಯ ಬಾಗಿಲಿಗೆ ಓಡಿಬಂದರು. "ಬೇಗ ಬನ್ರೀ, ಮಾನ ಹೋಗ್ತಾ ಇದೆ!"

ಹಿರಿಯ ಪ್ರೋಗ್ರಾಮರ್ ತನ್ನ ವಿಂಡೋ ಮುಚ್ಚಿ, ಕಾಲರ್ ಸರಿಮಾಡಿಕೊಂಡು, ಮದುವೆ ಗಂಡಿನ ಗತ್ತಿನಲ್ಲಿ ಗ್ರಾಹಕರಿದ್ದ ಕೋಣೆಗೆ ಬಂದ. ಗತ್ತಿನಿಂದಲೇ ಒಂದು ಕೀ ಒತ್ತಿದ. "ಈಗ ನೋಡಿ."

ಎಲ್ಲರೂ ನೋಡಿದರು. ಪರದೆ ಅಲ್ಲಾಡಲಿಲ್ಲ.

"ಒಂದ್ನಿಮಿಷ, ಏನೇನು ಓಡ್ತಾ ಇದೆ ಅಂತ ನೋಡ್ತೀನಿ," ಎಂದು ಭಾಮೈದ ಏನೋ ಟೈಪ್ ಮಾಡಿದ. ಗೋಡೆಯ ದೊಡ್ಡ ಪರದೆಯಲ್ಲಿ ಮೂಡಿದ ಪಟ್ಟಿಯಲ್ಲಿ, ಎಲ್ಲಕ್ಕಿಂತ ಮೇಲೆ, ಮರಿ ಗುಂಡುಕಲ್ಲಿನ ಹಾಗೆ ಬದುಕಿತ್ತು. ಪಕ್ಕದಲ್ಲೇ ಅದನ್ನು ಬಿಟ್ಟವನ ಪೂರ್ತಿ ಹೆಸರು. ಮನೆಯಲ್ಲಿ ಅದು ತಾಯಿಯಿಲ್ಲದೆ ಓಡಿತ್ತು, ಇಲ್ಲಿ ಕಿವುಡು ತಾಯಿಗೆ ಹುಟ್ಟಿತ್ತು. ನೂಲಿನಂತೆ ಸೀರೆ, 'ನಿಲ್ಲು' ಎಂದದ್ದು ಅದಕ್ಕೂ ಕೇಳಿಸಿರಲಿಲ್ಲ. ಮಾಲೀಕರು ಆ ಹೆಸರನ್ನು ಜೋರಾಗಿ ಓದಿದರು. ಭಾಮೈದ ಮಾತ್ರ ಮೆಲ್ಲಗೆ ಹೇಳಿದ, "ತೊಳೀಬೇಕಿತ್ತು, ಗುರುಗಳೇ."