ನಕಾಶೆಯಲ್ಲಿ ಕೆಂಪಾದ ಮನೆ

“ಕಡೀಕ ಕೆಂಪ ಆತ್ರಿ,” ಎಂದಳು ದಾನೇಶ್ವರಿ.

ಅಷ್ಟೇ ಸಾಕಾಯಿತು. ಪಟ್ಟದಕಲ್ಲಿನ ತನ್ನ ಖಾನಾವಳಿಯಲ್ಲಿ ರೊಟ್ಟಿ ಬಡಿಸುತ್ತಿದ್ದ ಶಂಕರಲಿಂಗನ ಮುಖ ಅರಳಿತು. ಹೋದ ವಾರವಷ್ಟೇ ಅವನ ತಾಯಿ ಗುರುಲಿಂಗವ್ವ, “ಇಳಕಲ್ಲಿಂದ ಕೆಂಪು ಸೆರಗಿನ ಸೀರಿ ತರಸ್ಲೇನವಾ?” ಎಂದು ಅವಳನ್ನು ಕೇಳಿದ್ದಳು. ಆ ಮನೆಯಲ್ಲಿ ಸೊಸೆ ತರುವ ಮಾತು ಸೀರೆಯ ಮಾತಿನಿಂದಲೇ ಶುರು. ದಾನೇಶ್ವರಿ ಆಗ ಉತ್ತರ ಕೊಡದೆ ಬಾಗಲಕೋಟೆಯ ಬಸ್ ಹತ್ತಿದ್ದಳು.

“ಖರೇನ್ರಿ? ಅವ್ವಗ ಹೇಳ್ಲೇನ್ರಿ?” ಅವನು ಕಣ್ಣಂಚಿನಲ್ಲೇ ನಕ್ಕ. ಕೈಯಲ್ಲಿದ್ದ ರೊಟ್ಟಿ ಅವಳ ತಾಟಿಗೆ ಬೀಳದೆ ಪಕ್ಕದವನ ತಾಟಿಗೆ ಬಿತ್ತು.

ಅವಳು ತಾಟು ಬದಿಗೆ ಸರಿಸಿದಳು. “ಸೀರಿ ಅಲ್ರಿ... ನಕಾಶಿ. ನನ್ನ ನಕಾಶಿಯೊಳಗ ನಿಮ್ಮ ಮನಿ ಕೆಂಪಾಗೇತಿ.”

ಹವಾಮಾನ ಕೆಟ್ಟರೆ ಯಾವ ಊರಿಗೆ ಎಷ್ಟು ಪೆಟ್ಟು, ಬ್ಯಾಂಕು, ವಿಮಾ ಕಂಪನಿಗಳು ಎಲ್ಲಿ ಸಾಲ, ವಿಮೆ ಕೊಡಬೇಕು ಎಂದು ಅಧ್ಯಯನ ಮಾಡುವುದು ಅವಳ ಕೆಲಸ. ಅವಳದೇ ಹೆಸರಿನ ಮೊದಲ ರಿಪೋರ್ಟು ನಾಳೆ ಹೋಗಬೇಕು. ಅದರಲ್ಲಿ ನೆರೆಗೆ ಸಿಗುವ ಮಲಪ್ರಭೆಯ ದಂಡೆ ಕೆಂಪು. ಅಲ್ಲಿ ಹೊಸ ಕಟ್ಟಡಕ್ಕೆ ಸಾಲ ಬೇಡ ಎಂದರ್ಥ. ಶಂಕರಲಿಂಗ ಸಾಲ ತೆಗೆದು, ಆ ದಂಡೆಯಲ್ಲೇ ಇದ್ದ ಖಾನಾವಳಿಯ ಮೇಲೆ ಮನೆ ಕಟ್ಟಿಸಲು ಹೊರಟಿದ್ದ. ಯಾರಿಗಾಗಿ ಎಂದು ಊರಿಗೆಲ್ಲ ಗೊತ್ತಿತ್ತು.

ಗಿರಾಕಿಗಳು ಎದ್ದುಹೋದ ಮೇಲೆ ಅವನು ಎದುರು ಬಂದು ಕೂತ.

“ಒಂದೀಟು ಹಳದಿ ಮಾಡಾಕ ಬರೂದಿಲ್ಲೇನ್ರಿ?”

ಅವಳಿಗೆ ನಿಜಕ್ಕೂ ಭಯವಾದದ್ದು ಆಗ. ರೇಗಿದ್ದರೆ ತಡೆದುಕೊಳ್ಳಬಹುದಿತ್ತು, ಇಷ್ಟು ಮೆತ್ತಗೆ ಕೇಳಿದರೆ ಯಾರು ತಾನೇ ಗಟ್ಟಿಯಾಗಿ ನಿಲ್ಲುತ್ತಾರೆ? ಬಣ್ಣ ಬದಲಿಸುವುದು ಒಂದು ಬೆರಳಿನ ಕೆಲಸ. ಹಳದಿಯಾದರೆ ಸಾಲ ಸಿಗುತ್ತದೆ, ಮನೆ ಏಳುತ್ತದೆ, ಮದುವೆಯೂ ಆಗುತ್ತದೆ. ಆಮೇಲೆ ಪ್ರತಿ ಮಳೆಗಾಲದಲ್ಲೂ ಹೊಳೆಯ ಸದ್ದಿಗೆ ಕಿವಿಗೊಟ್ಟು, ಪಕ್ಕದಲ್ಲಿ ಮಲಗಿದವನ ಕೈ ಹಿಡಿದುಕೊಂಡು ಎಚ್ಚರವಿರಬೇಕು.

“ಬರೂದಿಲ್ರಿ,” ಎಂದಳು. “ಹೊಳಿ ಬಂದ ಬರತೈತಿ. ನೀವು ನೀರಾಗ ಹೋದ್ರ ನಾ ಹೆಂಗ ಇರ್ಲಿ?”

ಹೇಳಿಬಿಟ್ಟ ಮೇಲೆ ತಾನು ಹೇಳಿದ್ದೇನೆಂದು ಅವಳಿಗೇ ಗೊತ್ತಾಯಿತು. ಇನ್ನು ಇವನು ಎದ್ದು ಹೋಗುತ್ತಾನೆ, ಎಲ್ಲ ಮುಗಿಯಿತು ಎಂದು ಕಣ್ಣು ಮುಚ್ಚಿದಳು.

ಎದ್ದದ್ದೂ ನಿಜವೇ. ಆದರೆ ಬಾಗಿಲ ತನಕ ಹೋಗಿ, ಹೊಳೆಯನ್ನು ನೋಡುತ್ತ ನಿಂತುಬಿಟ್ಟ.

“ಅವ್ವಗೂ ಹೆದರಿಕಿ ಐತಿ, ನನಗೂ ಐತ್ರಿ. ಮಳಿ ಹಿಡೀತಂದ್ರ ನಿದ್ದಿ ಇಲ್ಲ. ಬಾಯಿಬಿಟ್ಟು ಯಾರೂ ಅಂದಿರ್ಲಿಲ್ಲ.”

ತಿರುಗಿದಾಗ ಅವನ ಕಣ್ಣುಗಳು ಒದ್ದೆಯಾಗಿದ್ದವು. ಅವಳೊಡನೆ ಮೊದಲ ಸಲ ‘ರಿ’ ಬಿಟ್ಟು ಮಾತಾಡಿದ.

“ಎತ್ತರದಾಗ ಕಟ್ಟೂಣು. ಜಾಗಾ ನೀನ ತೋರಸು.”